ಗಿಟಾರಿನ ಕೊಂಯ್ ಮತ್ತು ಒಬ್ಬ ಪುಂಡ

‘ಅತ್ತಿಗೆ, ನಿಮ್ಮ ಹಾಡನ್ನ ಫುಲ್ ಕ್ಲೀನ್ ಮಾಡಿದೀನಿ!’

ಹೊಸನಗರದ ಅತ್ತೆಮನೆಯಲ್ಲಿ ಕಳೆದ ಭಾನುವಾರ ಊಟಕ್ಕೆ ಕೂತಾಗ ಮೈದುನ ಗಿರೀಶ ಹೀಗೆ ಘೋಷಿಸಿದ. ಕ್ಲೀನ್ ಮಾಡಲು ಅದೇನು ಕುಕ್ಕರಾ?

ವಿಷಯ ಇಷ್ಟು. ಹೋದ ವರ್ಷ ಸಾಗರದಲ್ಲಿ ಒಂದು ಸೈಕೆಡೆಲಿಕ್ ರಾಕ್ ಬ್ಯಾಂಡಿನ ಕಾರ್ಯಕ್ರಮವಿತ್ತು. (ಹೆಸರು ಕೇಳಿ ಹೆದರಬೇಡಿ. ಗಿಟಾರು ದಾರಿ ತಪ್ಪಿತು ಅಂತ ನಿಮಗೆ ಅನ್ನಿಸುತ್ತಿರುತ್ತದೆ, ಅದು ಆರಾಮಾಗಿ ಊರೆಲ್ಲ ಸುತ್ತಿ ಮನೆಗೇ ಬರುತ್ತದೆ. ಅಷ್ಟೇ.) ತೀರ್ಥಹಳ್ಳಿಯಿಂದ ನಾನೂ ಗೆಳತಿಯೂ ಹೋಗಿ ಮುಂದಿನ ಸಾಲಿನಲ್ಲೇ ಕೂತಿದ್ದೆವು. ಅವಳು ಫೋನಿನಲ್ಲಿ ಎಲ್ಲವನ್ನೂ ರೆಕಾರ್ಡ್ ಮಾಡಿ, ಮೆಮೊರಿ ಕಾರ್ಡಿಗೆ ಹಾಕಿಕೊಟ್ಟಳು. ಆಮೇಲೆ ಅವಳ ಫೋನು ತುಂಗೆಯ ಪಾಲಾಯಿತು. ಉಳಿದದ್ದು ನನ್ನ ಕಾರ್ಡು ಮಾತ್ರ. ಕಾರಿನಲ್ಲಿ ಕೇಳಲು ಪೆನ್‌ಡ್ರೈವಿಗೆ ಹಾಕಿಕೊಡು ಅಂತ ಗಿರೀಶನಿಗೆ ಕೊಟ್ಟಿದ್ದೆ. ಮದುವೆ ವಿಡಿಯೋ ಎಡಿಟ್ ಮಾಡುವುದು ಅವನ ಕೆಲಸ.

ನನಗೆ ಲೈವ್ ರೆಕಾರ್ಡಿಂಗೇ ಆಗಬೇಕು. ಸ್ಟುಡಿಯೋದಲ್ಲಿ ನಾಲ್ಕು ನಿಮಿಷಕ್ಕೆ ಮುಗಿಯುವ ಹಾಡು ಸ್ಟೇಜಿನ ಮೇಲೆ ಅರ್ಧ ಗಂಟೆ ಮೈಮುರಿಯುತ್ತದೆ. ಡ್ರಮ್ಸಿನವನು ಎಲ್ಲಿಗೋ ಹೊರಟಿರುತ್ತಾನೆ, ಬೇಸ್ ಗಿಟಾರಿನವನು ‘ಇರೋ, ನಾನೂ ಬಂದೆ’ ಅಂತ ಹಿಂದೆ ಓಡುತ್ತಾನೆ. ಗಿಟಾರನ್ನು ಸ್ಪೀಕರಿನ ಎದುರಿಗೇ ಹಿಡಿದು ‘ಕೊಂಯ್ಯ್’ ಅನ್ನಿಸುತ್ತಾರೆ. ಬೇಕೆಂದೇ! ಆ ಕೊಂಯ್ ಏರುತ್ತ ಏರುತ್ತ ತಟ್ಟನೆ ನಿಂತಾಗ ಜನ ಉಸಿರು ಬಿಡುವುದೂ ಕೇಳಿಸುತ್ತದಲ್ಲ, ಅದಕ್ಕೆ ನಾನು ಸೋತುಹೋದವಳು. ಮುಂದೇನು ಅಂತ ನುಡಿಸುವವರಿಗೇ ಗೊತ್ತಿಲ್ಲದ ಮಜಾ ಸ್ಟುಡಿಯೋದಲ್ಲಿ ಎಲ್ಲಿ ಸಿಗಬೇಕು ಹೇಳಿ?

ಗಿರೀಶ ಸ್ಪೀಕರಿಗೆ ಹಾಕಿದ. ಅನ್ನ ಸಾರು ಮುಗಿಯುವ ಮೊದಲೇ ಹಾಡು ಮುಗಿಯಿತು!

‘ಉಳಿದದ್ದು ಎಲ್ಲೋ?’

‘ಮೈಕ್ ಕೊಂಯ್ ಅಂತಿತ್ತು, ಅಷ್ಟೂ ತೆಗ್ದೆ. ಮಧ್ಯ ಬರೀ ಗಿಟಾರ್ ಟ್ಯೂನ್ ಮಾಡ್ಕೊಳ್ತಿದ್ರು, ಅದನ್ನೂ ತೆಗ್ದೆ.’ (ಟ್ಯೂನಿಂಗ್ ಅಲ್ಲ ಮಾರಾಯ, ಅದೇ ಹಾಡು!) ‘ಮತ್ತೆ ಯಾವನೋ ಪುಂಡ, ಫೋನಿನ ಪಕ್ಕದಲ್ಲೇ ಎಂಥಾ ಶಿಳ್ಳೆ ಅಂತೀರಿ! ಅವನನ್ನ ತೆಗೆಯೋಕೇ ಸಾಕುಸಾಕಾಯ್ತು.’

‘ಒರಿಜಿನಲ್ ಇದ್ಯಾ?’

‘ಕಾರ್ಡಲ್ಲಿದೆ. ಇನ್ನೆಂತಕ್ಕೆ ಅದು? ಫಾರ್ಮ್ಯಾಟ್ ಮಾಡಿ ನಾಳೆ ಒಂದು ಗೃಹಪ್ರವೇಶಕ್ಕೆ ತಗೊಂಡು ಹೋಗ್ತೀನಿ.’

ನನಗೆ ಅಳುವೇ ಬಂತು. ಎದುರಿಗೆ ಅತ್ತೆ, ಪಕ್ಕದಲ್ಲಿ ಗಂಡ. ನಾನೋ, ಕ್ಲಾಸಿನಲ್ಲಿ ಶಿಳ್ಳೆ ಹೊಡೆದವರನ್ನು ಹೊರಗೆ ನಿಲ್ಲಿಸುವ ಟೀಚರು. ಆದರೆ ಬಾಯಿ ಮುಚ್ಚಿಕೊಂಡರೆ ಕಾರ್ಡು ಹೋಗುತ್ತದಲ್ಲ?

‘ಗಿರೀಶಾ, ಆ ಪುಂಡ ನಾನೇ ಕಣೋ.’

ಅತ್ತೆಯ ಕೈಯ ಸೌಟು ಅಲ್ಲೇ ನಿಂತಿತು. ‘ನೀನಾ? ಶಿಳ್ಳೆಯಾ?’ ಅಂದರು ನನ್ನ ಯಜಮಾನರು.

ಹೌದು, ನಾನೇ. ಚಿಕ್ಕಂದಿನಲ್ಲಿ ಕದ್ದು ಕಲಿತದ್ದು, ಜನರ ಮುಂದೆ ಹೊಡೆದದ್ದು ಅದೇ ಮೊದಲು. ಹೊಡೆದೆ ನೋಡಿ, ಗಿಟಾರಿನವನು ತಿರುಗಿ ನಕ್ಕು, ನನ್ನ ಶಿಳ್ಳೆಯನ್ನೇ ಗಿಟಾರಿನಲ್ಲಿ ನುಡಿಸಿಬಿಟ್ಟ! ಅಲ್ಲಿಂದ ಮುಂದೆ ಇಡೀ ಬ್ಯಾಂಡು ಅದನ್ನೇ ಹಿಡಿದು ಹೊರಟಿತು. ಆ ಖುಷಿ ಯಾರಿಗೆ ಹೇಳಲಿ?

ಎಲ್ಲವನ್ನೂ ಹೇಳಿದೆ. ಅತ್ತೆ ಸೌಟು ಕೆಳಗಿಟ್ಟು ಗಿರೀಶನ ಕಡೆ ತಿರುಗಿದರು.

‘ನೀ ಕ್ಲೀನ್ ಮಾಡಿದ್ದು ಸಾಕು ಮಾರಾಯ. ಕೊಳಕಿದ್ದದ್ದನ್ನೇ ಹಾಕು, ಕೇಳೋಣ.’

ಹಾಕಿದ. ಕೊಂಯ್ ಬಂತು, ಜನರ ಗಲಾಟೆ ಬಂತು, ನಾನೂ ಬಂದೆ. ಹಿಂದೆಯೇ ಗಿಟಾರು. ಗಿರೀಶ ಕಣ್ಣು ಕಣ್ಣು ಬಿಟ್ಟ. ‘ಅತ್ತಿಗೆ, ಅವ್ನು ನಿಮಗೇ ಉತ್ತರ ಕೊಟ್ಟಿದಾನೆ! ಅದನ್ನೂ ನಾನು ತೆಗ್ದಿದೀನಲ್ರೀ!’

ಕಾರ್ಡು ಈಗ ನನ್ನ ಪರ್ಸಿನಲ್ಲಿದೆ. ಅಚ್ಚುಕಟ್ಟಾದ ಹಾಡು ಬೇಕಾದವರು ಸ್ಟುಡಿಯೋದ್ದು ಕೇಳಲಿ, ನನ್ನದೇನೂ ತಕರಾರಿಲ್ಲ.

ನಾನೇ ಇಲ್ಲದ ರೆಕಾರ್ಡಿಂಗ್ ಕಟ್ಟಿಕೊಂಡು ನನಗೇನಾಗಬೇಕು?