ಚಿತ್ರಕ್ಕೂ ಆಧಾರ್ ಜೆರಾಕ್ಸ್

ಗೆಳೆಯರೇ, ಇವತ್ತು ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಬಾಗೂರಿನ ಬಸ್ಸಿಗೆ ಕಾಯುತ್ತಿದ್ದ ಅಜ್ಜಿಯೊಬ್ಬರ ಮುಖ ಬರೆದೆ. ಹೀಗೆ ಕಂಡವರನ್ನು ಬರೆದು ಅವರಿಗೇ ಕೊಟ್ಟುಬಿಡುವುದು ನನ್ನ ಭಾನುವಾರದ ಹುಚ್ಚು.

"ತಗೊಳ್ಳಿ ಅಜ್ಜಿ, ದುಡ್ಡೇನೂ ಬೇಡ" ಅಂದೆ.

ಅವರು ಚಿತ್ರ ನೋಡಲೇ ಇಲ್ಲ. ಎಲೆಅಡಿಕೆ ಚೀಲದಿಂದ ಮಡಿಸಿದ ಆಧಾರ್ ಜೆರಾಕ್ಸ್ ತೆಗೆದು, "ಎಬ್ಬೆಟ್ಟು ಎಲ್ಲಿ ಒತ್ಬೇಕಪ್ಪ?" ಅಂದರು.

"ಇದು ಸರ್ಕಾರದ್ದಲ್ಲ ಅಜ್ಜಿ. ನಿಮ್ಮ ಮುಖ ಚೆನ್ನಾಗಿತ್ತು, ಅದಕ್ಕೇ ಬರೆದೆ."

ಆಗ ನೋಡಿದರು, ಬಹಳ ಹೊತ್ತು ನೋಡಿದರು. ಜೆರಾಕ್ಸಿನಲ್ಲಿ ಮಸಿ ಬಳಿದಂತಿದ್ದ ತಮ್ಮ ಫೋಟೋವನ್ನು ಪಕ್ಕದಲ್ಲಿ ಹಿಡಿದು, "ನಾನು ಸತ್ರೆ ಇದ್ನೇ ದೊಡ್ದು ಮಾಡ್ಸಿ ಆರ ಆಕ್ತಿದ್ರು ಕಣ್ಲಾ ಮಗ. ಇನ್ಮೇಲೆ ನಿಂದಿರ್ಲಿ. ಮೂಗ್ಬಟ್ಟು ಮರ್ತಿದೀಯ, ಒಸಿ ಬರಿ" ಅಂದರು.

ಬರೆದೆ. ಅಷ್ಟರಲ್ಲಿ ಬಸ್ ಬಂತು. ಚಿತ್ರವನ್ನು ಸೆರಗಿನೊಳಗೆ ಇಟ್ಟುಕೊಂಡವರು ಜೆರಾಕ್ಸನ್ನು ನನ್ನ ಕೈಗೆ ತುರುಕಿದರು. "ಮಡಿಕ. ನಾಳೆ ಯಾರಾನ ಕೇಳುದ್ರೆ ನಿಂಗೆ ತೊಂದ್ರೆ ಆಗ್ಬಾರ್ದು."

ಇಷ್ಟು ಭಾನುವಾರಗಳಲ್ಲಿ ಎಷ್ಟೋ ಜನರಿಗೆ ಚಿತ್ರ ಕೊಟ್ಟಿದ್ದೇನೆ. ದಾಖಲೆ ಸರಿಯಿರುವ ಫಲಾನುಭವಿ ಮಾತ್ರ ಇವರೊಬ್ಬರೇ.