ಮುಚ್ಚಳದೊಳಗಿನ ಮೂರು ಗೀರು

ಚನ್ನಬಸಪ್ಪಾ, ವಾಚಿನ ಮುಚ್ಚಳದೊಳಗೆ ಆ ಗುರುತನ್ನು ಕೊರೆದವನು ನಾನು, ಬಸವಣ್ಣೆಪ್ಪ. ಚಿಕ್ಕೇರೂರಿನ ಗೌಡರು ಅಳಿಯನಿಗೆಂದು ನಿನ್ನ ಅಂಗಡಿಯಲ್ಲಿ ಕೊಂಡ ವಾಚು ಹೊಸದೇ ಆಗಿತ್ತು. ಅದನ್ನು ಹಳೆಯದೆಂದು ತೋರಿಸಿದವನು ನಾನು. ಇಷ್ಟು ವರ್ಷ ಹಾನಗಲ್ಲಿನ ಬಜಾರದಲ್ಲಿ ಕೂತು ಊರವರ ಗಡಿಯಾರ ಸರಿಮಾಡುತ್ತ, ಈ ಒಂದು ಮಾತನ್ನು ಮಾತ್ರ ನುಂಗಿಕೊಂಡು —

ಇರಲಿ. ನಿನ್ನ ಕಣ್ಣಿಗೆ ಪೊರೆ ಬಂದಿದೆಯಂತೆ. ಇದನ್ನು ಯಾರಾದರೂ ನಿನಗೆ ಓದಿ ಹೇಳಬೇಕು. ಹಾಗಾಗಿ ನಿನಗೆ ಗೊತ್ತಿರುವುದನ್ನೂ ಅವರಿಗಾಗಿ ಬಿಡಿಸಿ ಬರೆಯುತ್ತೇನೆ. ಅರ್ಧ ಹೇಳಿದರೆ ಮತ್ತೆ ನನ್ನ ಮರ್ಯಾದೆಯನ್ನೇ ಕಾಯ್ದುಕೊಂಡಂತಾಗುತ್ತದೆ.

ನಾವಿಬ್ಬರೂ ಸವಣೂರಿನಲ್ಲಿ ಒಬ್ಬರೇ ಉಸ್ತಾದರ ಬಳಿ ವಾಚು ರಿಪೇರಿ ಕಲಿತವರು. ವೀಳ್ಯದೆಲೆ ಮಾರುವ ಸಾಲಿನ ತುದಿಯಲ್ಲಿ ಅವರ ಅಂಗಡಿ. ಉಸ್ತಾದರು ಎಡಗೈಯವರು, ಎಡಗೈಯಲ್ಲೇ ಚಿಮಟ, ಎಡಗೈಯಲ್ಲೇ ಚಹಾದ ಬಟ್ಟಲು. ಅವರು ಕಲಿಸಿದ ಮೊದಲ ಪಾಠ ಇದು: ಯಾವ ವಾಚು ಬಿಚ್ಚಿದರೂ ಮುಚ್ಚುವ ಮೊದಲು ಹಿಂದಿನ ಮುಚ್ಚಳದ ಒಳಮೈಗೆ ಸೂಜಿಯಿಂದ ನಿನ್ನ ಗುರುತು, ತಿಂಗಳು, ವರ್ಷ ಕೊರೆ. ವಾಚು ಕಟ್ಟಿಕೊಳ್ಳುವವನಿಗೆ ಅದು ಎಂದೂ ಕಾಣುವುದಿಲ್ಲ. ಮುಂದೆ ಬಿಚ್ಚುವ ಕಾರೀಗರನಿಗೆ ಮಾತ್ರ ಅದು ಹಿಂದಿನವನ ಮಾತು. ಉಸ್ತಾದರ ಗುರುತು ಮೂರು ಗೀರು. ನಿನ್ನದು ಸೊನ್ನೆಯೊಳಗೊಂದು ಚುಕ್ಕೆ. ಬಸವಣ್ಣೆಪ್ಪನಾದ ನನ್ನದು ‘ಬ’.

“ಬ್ಯಾರೆ ಎಲ್ಲೆರ ಸುಳ್ಳ ಹೇಳ್ಕೋರಿ. ಹೆಂಡ್ತಿ ಮುಂದ ಹೇಳ್ರಿ, ಗಿರಾಕಿ ಮುಂದ ಹೇಳ್ರಿ. ಇದರೊಳಗ ಮಾತ್ರ ಬ್ಯಾಡ,” ಎನ್ನುತ್ತಿದ್ದರು. ನಾವು ನಗುತ್ತಿದ್ದೆವು.

ಆ ಸ್ವಿಸ್ ವಾಚು ಕಂಪನಿಯ ಹುಚ್ಚು ಮೊದಲು ಹಿಡಿದದ್ದು ನನಗೆ — ಅದರ ಹೆಸರನ್ನು ನನ್ನ ತಪ್ಪಿನ ಜೊತೆ ಬರೆಯುವುದಿಲ್ಲ. ಮುಂಬಯಿಯ ವ್ಯಾಪಾರಿಯೊಬ್ಬ ಕೊಟ್ಟ ಕ್ಯಾಟಲಾಗನ್ನು ನಮ್ಮೂರ ಹೆಡ್ಮಾಸ್ತರರಿಂದ ಓದಿಸಿಕೊಂಡು ಬಾಯಿಪಾಠ ಮಾಡಿದ್ದೆ. ಹಿಮ ಬಿದ್ದು ಹೊಲಕ್ಕೆ ಹೋಗಲಾಗದ ತಿಂಗಳುಗಳಲ್ಲಿ ಆ ಬೆಟ್ಟದೂರಿನ ರೈತರು ಕಿಟಕಿಯ ಬೆಳಕಿಗೆ ಕೂತು ಗಡಿಯಾರದ ಸಣ್ಣ ಸಣ್ಣ ಚಕ್ರ ಕಡೆಯುತ್ತಿದ್ದರಂತೆ. ಅವರಲ್ಲೊಬ್ಬ ಆ ಕೆಲಸವನ್ನೆಲ್ಲ ಒಂದೇ ಸೂರಿನಡಿ ತಂದನಂತೆ. ಮೊದಲು ಜೇಬಿನ ಗಡಿಯಾರ, ಹಿಂದಿನ ದೊಡ್ಡ ಯುದ್ಧವಾದ ಮೇಲೆ ಕೈಗೆ ಕಟ್ಟುವವು. ವಕೀಲರಿಗೆ ತೆಳುವಾದ ದುಂಡನೆಯವು, ಸಿಪಾಯಿಗಳಿಗೆ ಕತ್ತಲಲ್ಲಿ ಹೊಳೆಯುವ ಅಂಕಿಯವು, ಹೆಂಗಸರಿಗೆ ಹುಣಸೆಬೀಜದಷ್ಟು ಚಿಕ್ಕವು — ಒಂದೊಂದಕ್ಕೂ ಒಂದೊಂದು ಪುಟ. ನವಾಬರು ಕಟ್ಟುವಷ್ಟು ದುಬಾರಿಯಲ್ಲ. ಒಬ್ಬ ಮಾಸ್ತರ ಜೀವಮಾನದಲ್ಲಿ ಒಮ್ಮೆ ಆಸೆಪಟ್ಟು ಕೊಳ್ಳಬಹುದಾದ ಶೋಕಿ. ಅದೇ ನನಗೆ ಅದರಲ್ಲಿ ಹಿಡಿಸಿದ್ದು. ಬಂದವರಿಗೆಲ್ಲ ನಮ್ಮ ಮನೆತನದ ಕಥೆಯೆಂಬಂತೆ ಹೇಳುತ್ತಿದ್ದೆ. ನೀನು ಕೇಳಿ ಕಿಚಾಯಿಸುತ್ತಿದ್ದೆ: “ಏನೋ ಬಸಣ್ಣಾ, ಆ ಕಂಪನಿ ಮಾಲಕ ನಿನ್ನ ಸ್ವಾದರಮಾವ ಏನ?”

ಉಸ್ತಾದರು ತೀರಿಕೊಂಡ ಮೇಲೆ ನಾನು ಹಾನಗಲ್ಲಿಗೆ ಬಂದೆ, ನೀನು ಹಿರೇಕೆರೂರಿಗೆ ಹೋದೆ. ನಮ್ಮ ತಾಲೂಕುಗಳಿಗೆಲ್ಲ ಸೇರಿ ಆ ಕಂಪನಿಯ ಒಂದು ಏಜೆನ್ಸಿ ಬಂತು. ಬಂದದ್ದು ನಿನಗೆ.

ನಿನ್ನ ಕೈ ನನ್ನ ಕೈಗಿಂತ ಸೂಕ್ಷ್ಮ. ಇದನ್ನು ಬರೆಯಲು ನನಗೆ ಈಗಲೂ ಕಷ್ಟವಾಗುತ್ತದೆ, ಆದರೂ ನಿಜ. ಮುಂಬಯಿಯವರು ಸರಿಯಾಗಿಯೇ ಆರಿಸಿದ್ದರು. ನಾನು ಮಾತ್ರ ನಿನ್ನ ಆ ಅಂಗಡಿಯನ್ನು ನೋಡಲೆಂದೇ ಬೀಗರ ಮನೆಯ ನೆಪ ಮಾಡಿಕೊಂಡು ಹಿರೇಕೆರೂರಿಗೆ ಬಂದೆ. ನೀಲಿ ಬೋರ್ಡು, ಗಾಜಿನ ಪೆಟ್ಟಿಗೆ, ಒಳಗೆ ಸಾಲಾಗಿ ಮಲಗಿದ ವಾಚುಗಳು. ನೀನು ಒಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟೆ. “ನೋಡಲೇ, ನೀ ಹೇಳ್ತಿದ್ದೆಲ್ಲ, ಅದಽ ಇದು,” ಎಂದೆ. ಖುಷಿಯಿಂದಲೇ ಅಂದಿದ್ದೆ. “ಛಲೋ ಐತಿ” ಎಂದು ನಾನು ನೀರು ಕುಡಿದು ಎದ್ದೆ. ದಾರಿಯುದ್ದಕ್ಕೂ ಹೊಟ್ಟೆ ಉರಿಯಿತು. ಕಥೆ ಹೇಳಿದವನು ನಾನು, ಗಾಜಿನ ಪೆಟ್ಟಿಗೆ ಅವನಿಗೆ — ಇದೇ ಒಂದು ಮಾತು, ಊರು ಮುಟ್ಟುವವರೆಗೆ.

ಮರುವರ್ಷದ ಬೇಸಿಗೆ. ಗೌಡರ ಅಳಿಯ ಶಿಗ್ಗಾವಿಯಲ್ಲಿ ಮಾಸ್ತರ. ಅವನ ತಂದೆ ಸಂತೆಗೆ ಬಂದವರು, ಗೌಡರು ನಿನ್ನಲ್ಲಿ ಕೊಂಡುಕೊಟ್ಟಿದ್ದ ಮಗನ ವಾಚನ್ನು ನನ್ನ ಮುಂದಿಟ್ಟು, “ಪಟ್ಟಾ ಸಡ್ಲ ಆಗೈತ್ರಿ, ಒಂದ್ ತೂತು ಹಾಕಿ ಇಡ್ರಿ. ಸಂತಿ ಮುಗಿಸ್ಕೊಂಡು ಬರ್ತೇನಿ,” ಎಂದು ಹೋದರು.

ಒಂದು ತೂತು. ಅಷ್ಟೇ ಕೆಲಸ. ನಾನು ಮುಚ್ಚಳ ಬಿಚ್ಚಿದೆ. ಒಳಮೈ ಕನ್ನಡಿಯಂತಿತ್ತು, ಒಂದು ಗೆರೆಯಿಲ್ಲ, ಯಾರೂ ಬಿಚ್ಚಿದ್ದಿಲ್ಲ. ಅದನ್ನು ನೋಡಿ ನನಗೆ ಏನಾಯಿತೆಂದು — ಇಲ್ಲ, ಏನೋ ಆಯಿತು ಎನ್ನುವುದೂ ತಪ್ಪಿಸಿಕೊಳ್ಳುವ ಮಾತೇ. ಗೊತ್ತಿದ್ದೇ ಸೂಜಿ ತೆಗೆದುಕೊಂಡೆ. ಸತ್ತ ಉಸ್ತಾದರ ಮೂರು ಗೀರು ಎಳೆದೆ. ಕೆಳಗೆ, ಅವರು ಬದುಕಿದ್ದಾಗಿನ ಒಂದು ವರ್ಷದ ಅಂಕಿ ಹಾಕಿದೆ.

ಅವರು ಬಂದಾಗ ಬಿಚ್ಚಿದ ಮುಚ್ಚಳವನ್ನು ತಿರುವಿ ತಿರುವಿ ನೋಡುತ್ತ ಕೂತಿದ್ದೆ. ಏನಾಯಿತೆಂದು ಅವರೇ ಕೇಳಲಿ ಅಂತ. ಕೇಳಿದರು. ಆಗ ಕ್ಯಾಟಲಾಗು ತೆಗೆದೆ. “ಈ ನಮೂನಿ ಕಂಪನಿಯವ್ರು ನಿಲ್ಲಿಸಿ ಭಾಳ ವರ್ಷ ಆತ್ರಿ. ಇಲ್ನೋಡ್ರಿ, ನಮ್ಮ ಉಸ್ತಾದರು ಒಮ್ಮಿ ರಿಪೇರಿ ಮಾಡಿದ ಗುರ್ತೂ ಐತಿ. ನಿಮಗ ಕೊಟ್ಟಾವ್ರು ಹೊಸಾದು ಅಂತ ಹೇಳ್ಯಾರೇನು?” ಅವರಿಗೆ ಇಂಗ್ಲೀಷು ಬರುತ್ತಿರಲಿಲ್ಲ. ನಾನು ಪುಟ ತಿರುವುತ್ತ ಹೋದೆ. ಅಷ್ಟು ಪ್ರೀತಿಯಿಂದ ಕಲಿತ ಚರಿತ್ರೆಯನ್ನು ಆ ದಿನ ಹೊಲಸು ಕೆಲಸಕ್ಕೆ ಹಚ್ಚಿದೆ.

ಎಂಟು ದಿನದಲ್ಲಿ ಅವರು ನಿನ್ನನ್ನು ನನ್ನ ಅಂಗಡಿಗೇ ಕರೆತಂದರು. ಬಾಗಿಲಲ್ಲಿ ಜನ ಸೇರಿದ್ದರು. ನೀನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮುಚ್ಚಳವನ್ನು ಬೆಳಕಿಗೆ ಹಿಡಿದೆ. ಒಮ್ಮೆ ಈ ಕಡೆ ವಾಲಿಸಿದೆ, ಒಮ್ಮೆ ಆ ಕಡೆ. ಆಮೇಲೆ ಭೂತಗನ್ನಡಿ ತೆಗೆದು ನನ್ನನ್ನು ನೋಡಿದೆ. ನಾನು ಪಟ್ಟಾ ನೋಡುತ್ತಿದ್ದೆ.

“ಉಸ್ತಾದರ ಗುರ್ತಿನಂಗಽ ಐತ್ರಿ,” ಎಂದೆ ನೀನು. “ಇದನ್ನ ನನಗ ಕೊಡ್ರಿ. ನಿಮಗ ಬ್ಯಾರೆ ಹೊಸಾದು ಕೊಡ್ತೇನಿ.”

ಅಷ್ಟೇ. ಬೈಯಲಿಲ್ಲ, ಆಣೆ ಹಾಕಲಿಲ್ಲ. ಮಾತು ಶಿಗ್ಗಾವಿಯಿಂದ ರಟ್ಟೀಹಳ್ಳಿಯವರೆಗೆ ಹಬ್ಬಿತು: ಚನ್ನಬಸಪ್ಪ ಹಳೇ ವಾಚು ತೊಳೆದು ಹೊಸದೆಂದು ಮಾರುತ್ತಾನೆ. ಗೌಡರ ಮಗಳನ್ನು ಗಂಡನ ಮನೆಯಲ್ಲಿ “ಹಳೇ ವಾಚಿನ ಮನಿಯಾಕಿ” ಎಂದು ಚುಚ್ಚಿದರು. ಏಜೆನ್ಸಿ ನಿನ್ನಿಂದ ಹೋಯಿತು. ನನಗೆ ಬಂತು. ನೀಲಿ ಬೋರ್ಡು ನನ್ನ ಬಾಗಿಲಿಗೆ ಏರಿದ ಕೆಲವೇ ತಿಂಗಳಿಗೆ ಯುದ್ಧ ಶುರುವಾಗಿ ಹೊಸ ಮಾಲು ಬರುವುದು ನಿಂತಿತು. ಖಾಲಿ ಗಾಜಿನ ಪೆಟ್ಟಿಗೆಯ ಹಿಂದೆ ಕೂತು ನಾನು ಆಗಲೂ ನಿನ್ನನ್ನೇ ನೆನೆದು ಉರಿದೆ. ನೀನು ಲಾಟೀನಿನ ಬುರುಡೆ, ಪಾಟಿ, ಬಳಪ ಮಾರಿಕೊಂಡು ಸುಮ್ಮನಿದ್ದೆಯಂತೆ. ಹಾಗೆ ಸುಮ್ಮನಿರಬಲ್ಲ ನಿನ್ನ ಮನಸ್ಸಿನ ಮೇಲೂ ನನಗೆ ಹೊಟ್ಟೆಕಿಚ್ಚು.

ಹೋದ ಗುರುವಾರ ನಿನ್ನ ಹೆಂಡತಿ ಗಿರಿಜವ್ವ ನನ್ನ ಅಂಗಡಿಗೆ ಬಂದು ಸೆರಗಿನ ಗಂಟು ಬಿಚ್ಚಿದರು. ಅದೇ ವಾಚು.

“ಅವರು ದಿನಾ ಇದನ್ನಽ ಕಟ್ಕೋತಾರ್ರಿ. ಈಗ ನಿಂತೈತಿ. ಅವರ ಕಣ್ಣಿಗೆ ಪೊರಿ ಬಂದೈತಿ, ಕೈಲೆ ಆಗೂದಿಲ್ಲ. ಹುಬ್ಬಳ್ಳಿಗೆ ಕೊಟ್ಟು ಕಳಸೂಣು ಅಂದ್ರ ಒಲ್ಲೆ ಅಂದ್ರು. ಬಸಣ್ಣನಽ ಬಿಚ್ಚಬೇಕು, ಬ್ಯಾರೆಯವರ ಕಣ್ಣಿಗೆ ಬೀಳಬಾರದು ಅಂದಾರ್ರಿ.”

ಅವರು ಹೋದ ಮೇಲೆ ಬಿಚ್ಚಿದೆ. ಮೂರು ಗೀರು ಹಾಗೇ ಇದ್ದವು. ಒಂದು ಸಲ ಉಜ್ಜಿದ್ದರೆ ಹೋಗುತ್ತಿದ್ದವು, ನೀನು ಉಜ್ಜಿರಲಿಲ್ಲ. ಅವುಗಳ ಕೆಳಗೆ ವರ್ಷಕ್ಕೊಂದರಂತೆ ನಿನ್ನ ಸೊನ್ನೆ-ಚುಕ್ಕೆ. ಕೊನೆಯವು ವಕ್ರವಾಗಿವೆ, ಕಣ್ಣು ಮಂಜಾದಾಗಿನವು. ಆಗಲೇ ನನಗೆ ಕಂಡದ್ದು — ನನ್ನ ಗೀರುಗಳು ಬಲಕ್ಕೆ ವಾಲಿವೆ. ಎಡಗೈಯ ಉಸ್ತಾದರ ಗೀರುಗಳು ಯಾವಾಗಲೂ ಎಡಕ್ಕೇ ವಾಲುತ್ತಿದ್ದವು. ಆ ದಿನ ನೀನು ಮುಚ್ಚಳವನ್ನು ಅತ್ತ ಇತ್ತ ವಾಲಿಸಿ ನೋಡಿದ್ದು ಅದನ್ನೇ. ಇದು ಗೊತ್ತಿದ್ದವರು ಲೋಕದಲ್ಲಿ ಇಬ್ಬರೇ. ಒಂದು ಮಾತು ಹೇಳಿದ್ದರೆ ನಾನು ಬಜಾರದಲ್ಲಿ ತಲೆಯೆತ್ತುವಂತಿರಲಿಲ್ಲ. ಯಾಕೆ ಹೇಳಲಿಲ್ಲ, ಚನ್ನಬಸಪ್ಪ? ನನ್ನನ್ನು ಉಳಿಸಿದೆಯೋ, ಉಸ್ತಾದರ ಹೆಸರನ್ನೋ — ಕೇಳುವ ಮುಖ ನನಗಿಲ್ಲ.

ಈ ಕಾಗದವನ್ನು ವಾಚಿನ ಜೊತೆ ಕಳಿಸೋಣ ಎಂದು ಬರೆಯತೊಡಗಿದೆ. ಹಾಗೆ ಕಳಿಸಿದರೆ ಗಿರಿಜವ್ವ ಮನೆಯೊಳಗೆ ಮೆಲ್ಲಗೆ ಓದುತ್ತಾರೆ, ನೀನು ಮತ್ತೆ ಸುಮ್ಮನಿದ್ದುಬಿಡುತ್ತೀ. ಅದೂ ನನಗೇ ಅನುಕೂಲ. ಬೇಡ. ನಾಳೆ ಶಿಗ್ಗಾವಿಗೆ ಹೋಗಿ ಮಾಸ್ತರರ ತಂದೆಗೂ ಆ ಹೆಣ್ಣುಮಗಳಿಗೂ ಹೇಳುತ್ತೇನೆ. ಆಮೇಲೆ ಸಂತೆಯ ದಿನ ಹಿರೇಕೆರೂರಿಗೆ ಬಂದು, ನಿನ್ನ ಅಂಗಡಿಯ ಮೆಟ್ಟಿಲ ಮೇಲೆ ನಿಂತು, ಜನರೆಲ್ಲ ಕೇಳುವಂತೆ ನಾನೇ ಇದನ್ನು ಓದುತ್ತೇನೆ. ಕ್ಷಮಿಸೆಂದು ಕೇಳುವುದಿಲ್ಲ.

ವಾಚು ಈಗ ನಡೆಯುತ್ತಿದೆ. ಅದನ್ನು ನಿನ್ನ ಕೈಯಲ್ಲಿಟ್ಟಾಗ ಮುಚ್ಚಳ ತೆಗೆದು ಒಳಮೈಯನ್ನು ಬೆರಳಿನಿಂದ ಸವರಿ ನೋಡು. ಆ ಮೂರು ಗೀರಿನ ಪಕ್ಕದಲ್ಲೇ ನನ್ನ ‘ಬ’ ಇದೆ. ಕಣ್ಣಿಲ್ಲದವನ ಬೆರಳಿಗೂ ತಾಕುವಷ್ಟು ಆಳವಾಗಿ ಕೊರೆದಿದ್ದೇನೆ.