ಬೀಸುವ ಪದ ಅಳಿಸಿದವನು

ನಮ್ಮ ಮನೆಯ ಟೀವಿಗೆ ಹಾಕಿದ್ದ ಪೆನ್‌ಡ್ರೈವಿನಲ್ಲಿ ನನ್ನ ಹೆಂಡತಿ ಮತ್ತು ಅವಳ ಅಕ್ಕ ಹಾಡಿದ ಬೀಸುವ ಪದಗಳಿದ್ದವು. ಅವನ್ನು ಅಳಿಸಿದವನು ನಾನು. ಅಳಿಸಿದವಳು ಸೊಸೆ ಎಂದು ಹೇಳಿದವನೂ ನಾನೇ. ಮೆಟ್ರಿಕ್ ಪಾಸಾಗಿ, ಸಿಂಧನೂರಿನ ಒಂದು ಅಕ್ಕಿ ಗಿರಣಿಯಲ್ಲಿ ಕಡೆಯವರೆಗೂ ಗುಮಾಸ್ತನಾಗಿದ್ದೆ. ಮಾಲಕರ ಪರವಾಗಿ ಸಾವಿರಾರು ಪತ್ರ ಬರೆದಿದ್ದೇನೆ. ಮೇಲಿನ ಮೂರು ಸಾಲು ಬರೆಯಲು ಪಟ್ಟ ಕಷ್ಟ ಅವುಗಳಲ್ಲಿ ಒಂದಕ್ಕೂ ಪಟ್ಟಿಲ್ಲ.

ಹೆಂಡತಿಯ ತವರು ಮಸ್ಕಿ. ಹುಡುಗಿಯರಾಗಿದ್ದಾಗ ಅಕ್ಕ ತಂಗಿ ಇಬ್ಬರೂ ಎದುರುಬದುರು ಕೂತು, ಬೀಸುಕಲ್ಲಿನ ಒಂದೇ ಗೂಟ ಹಿಡಿದು ಜೋಳ ಬೀಸಿದವರು. ಆ ಪದಗಳನ್ನು ಒಬ್ಬಳೇ ಹಾಡಲು ಬರುವುದಿಲ್ಲ. ಒಬ್ಬಳು ಒಂದು ನುಡಿ ಎತ್ತುತ್ತಾಳೆ. ಅವಳ ಉಸಿರು ಮುಗಿಯುವ ಹೊತ್ತಿಗೆ ಎದುರಿನವಳು ಅದನ್ನು ಹಿಡಿದು ಮುಂದಿನ ನುಡಿ ಕೊಡಬೇಕು. ನಡುವೆ ಕಲ್ಲು ನಿಲ್ಲಬಾರದು. ಮದುವೆಯಾಗಿ ಸಿಂಧನೂರಿಗೆ ಬಂದ ಮೇಲೆ ಹೆಂಡತಿ ಅಕ್ಕಿ ಆರಿಸುತ್ತಲೋ ರೊಟ್ಟಿ ಬಡಿಯುತ್ತಲೋ ಒಂದು ನುಡಿ ಎತ್ತಿ, ಹಿಡಿಯುವವರಿಲ್ಲದೆ ಸುಮ್ಮನಾಗುತ್ತಿದ್ದಳು. ನಾನು ನಗುತ್ತಿದ್ದೆ. "ಗಿರಣಿ ಬಂದು ಎಷ್ಟ ಕಾಲ ಆತು, ಇನ್ನೂ ಬೀಸಾಕತ್ತೀಯೇನು?" ಎನ್ನುತ್ತಿದ್ದೆ. ನನಗೆ ಅದು ದೊಡ್ಡ ಚೇಷ್ಟೆಯಾಗಿ ಕಾಣುತ್ತಿತ್ತು.

ಎರಡು ವರ್ಷದ ಹಿಂದೆ ಮಸ್ಕಿಯ ಕೇಬಲ್‌ನವರು ಹಳೆಯ ಹಾಡು ಬಲ್ಲ ಹೆಂಗಸರ ಕಾರ್ಯಕ್ರಮ ಮಾಡಿದರು. ಮಸ್ಕಿಯಲ್ಲೇ ಇದ್ದ ಅಕ್ಕ, ತಂಗಿಯನ್ನು ಕರೆಸಿಕೊಂಡಳು. ಅಟ್ಟದ ಮೇಲಿದ್ದ ಬೀಸುಕಲ್ಲನ್ನು ಇಳಿಸಿ, ತೊಳೆದು, ನಡುಮನೆಯಲ್ಲಿ ಇಟ್ಟರು. ಇಬ್ಬರೂ ಕೂತು ಒಂದು ತಾಸು ಹಾಡಿದರು. ಕೇಬಲ್‌ನವರ ಹಳೆಯ ಕ್ಯಾಮೆರಾದಲ್ಲಿ ಬಂದದ್ದು ಚೌಕಾಕಾರದ ಚಿತ್ರ. ಒಮ್ಮೆ ಪ್ರಸಾರವಾದ ಮೇಲೆ, ತಾವು ಏನನ್ನೂ ಉಳಿಸಿಕೊಳ್ಳುವುದಿಲ್ಲ, ಬೇಕಿದ್ದರೆ ಈಗಲೇ ಒಯ್ಯಿರಿ ಎಂದು ಪೆನ್‌ಡ್ರೈವಿಗೆ ಹಾಕಿಕೊಟ್ಟರು. ಎರಡು ತಿಂಗಳಿಗೆ ಅಕ್ಕ ತೀರಿಕೊಂಡಳು. ಜ್ವರ ಎಂದು ಮಲಗಿದವಳು ಏಳಲಿಲ್ಲ.

ಆಗ ನಮ್ಮ ಮನೆಗೆ ಮಗ ದೊಡ್ಡ ಟೀವಿ ತಂದಿದ್ದ. ಗೋಡೆಯ ಅರ್ಧ ಅದೇ. ಕೇಬಲ್ ಡಬ್ಬಿಯೂ ಹೊಸದು. ಪೆನ್‌ಡ್ರೈವ್ ಚುಚ್ಚಿದರೆ ಅದರಲ್ಲಿದ್ದದ್ದನ್ನು ತೋರಿಸುವುದು, ಬೇಕಾದ ಕಾರ್ಯಕ್ರಮವನ್ನು ಹಿಡಿದಿಡುವುದು, ಎರಡೂ ಅದರಲ್ಲೇ ಇತ್ತು. ಮೆನು ಪೂರ್ತಿ ಇಂಗ್ಲಿಷ್. ಗಿರಣಿ ಬಿಟ್ಟು ಮನೆಯಲ್ಲಿ ಕೂತಿದ್ದ ನನಗೆ ಆ ರಿಮೋಟು ಒಂದು ನೌಕರಿಯಂತೆ ಸಿಕ್ಕಿತು. ಪ್ಲಾಸ್ಟಿಕ್ ಕವರು ಹಾಕಿ ನನ್ನ ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡೆ. ಸೊಸೆ ತುರ್ವಿಹಾಳದ ಹುಡುಗಿ, ಬಿ.ಎ. ಓದಿದವಳು. ನಾನು ಐದು ನಿಮಿಷ ತಡಕಾಡುವುದನ್ನು ಅವಳು ಎರಡು ಗುಂಡಿಯಲ್ಲಿ ಮುಗಿಸುತ್ತಿದ್ದಳು. ಅದನ್ನು ನಾನು ಮೆಚ್ಚಬೇಕಾಗಿತ್ತು. ಮೆಚ್ಚಲಿಲ್ಲ.

ಅಕ್ಕನ ದಿನಕರ್ಮ ಮುಗಿದ ಮೇಲೆ ಒಂದು ಮಧ್ಯಾಹ್ನ ಹೆಂಡತಿ ಆ ಪದ ಹಾಕಿ ಎಂದಳು. ಓಣಿಯ ನಾಲ್ಕು ಹೆಂಗಸರು ಬಂದು ಕೂತರು. ಚಿತ್ರ ಬಂತು. ಪರದೆ ತುಂಬ ಇರಲಿ ಎಂದು ನಾನು ಮೊದಲೇ ಅದನ್ನು ಪೂರ್ತಿ ಎಳೆದಿಟ್ಟಿದ್ದೆ. ಹಾಗೆ ಎಳೆದರೆ ಚೌಕದ ಚಿತ್ರ ಅಡ್ಡಡ್ಡ ಹಿಗ್ಗುತ್ತದೆ. ಅಕ್ಕನ ಮುಖ ಬುಟ್ಟಿಯಷ್ಟಾಯಿತು, ತೋಳು ಕಂಬದಷ್ಟಾಯಿತು.

"ಯವ್ವ, ನಿಮ್ಮಕ್ಕ ಮಸ್ಕ್ಯಾಗ ಭಾಳ ಚಲೋ ಉಂಡಾಳ ಬಿಡಬೇ!" ಎಂದು ಪಕ್ಕದ ಮನೆಯವಳು ನಕ್ಕಳು. ಉಳಿದವರೂ ನಕ್ಕರು.

ಹೆಂಡತಿ ನಗಲಿಲ್ಲ. "ನಮ್ಮಕ್ಕ ಕಡ್ಡಿ ಇದ್ದಂಗ ಇದ್ಲು. ಇದು ನಮ್ಮಕ್ಕ ಅಲ್ಲ," ಎಂದಳು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆ ಮೆಲ್ಲಗೆ ಹೇಳಿದಳು: "ಮಾವಾರ, ಮೆನುದಾಗ ಪಿಕ್ಚರ್ ಸೈಜ್ ಬದಲ್ ಮಾಡಿದ್ರ ಸರಿ ಆಗ್ತೈತ್ರಿ. ಎರಡೂ ಕಡೆ ಸ್ವಲ್ಪ ಕರಿ ಪಟ್ಟಿ ಬರ್ತಾವ, ಅಷ್ಟ."

"ಇಷ್ಟ ದೊಡ್ಡ ಟೀವಿ ತಂದಿದ್ದು ಕರಿ ಪಟ್ಟಿ ನೋಡಾಕೇನು?" ಎಂದೆ ನಾನು. ನಾಲ್ಕು ಜನರ ಮುಂದೆ ಅವಳು ನನಗೆ ಮೆನು ಕಲಿಸಿದ್ದನ್ನು ಸಹಿಸಲಾಗಲಿಲ್ಲ. ಟೀವಿ ಆರಿಸಿಬಿಟ್ಟೆ.

ಮರುದಿನ ನಾನು ಬಜಾರಿಗೆ ಹೋಗಿ ಬರುವಷ್ಟರಲ್ಲಿ ಸೊಸೆ ಅದನ್ನು ಸರಿಪಡಿಸಿದ್ದಳು. ನಾನು ಚಪ್ಪಲಿ ಬಿಡುತ್ತಿರುವಾಗಲೇ ಪದ ಕೇಳಿಸಿತು. ಒಳಗೆ ಹೆಂಡತಿ ಪರದೆಗೆ ಮಾರು ದೂರದಲ್ಲಿ ನೆಲಕ್ಕೆ ಕೂತಿದ್ದಳು. ನಡುವಿನ ಚೌಕದಲ್ಲಿ ಅಕ್ಕ ಇದ್ದ ಹಾಗೆಯೇ ಇದ್ದಳು. ತೆಳ್ಳಗೆ, ಕೊರಳಿನ ನರ ಕಾಣುವಂತೆ. ಅಕ್ಕ ನುಡಿ ಬಿಟ್ಟ ಕೂಡಲೇ ಇಲ್ಲಿ ಕೂತ ತಂಗಿ, ಪರದೆಯಲ್ಲಿದ್ದ ತನ್ನ ದನಿಯ ಜೊತೆಗೇ, ಮುಂದಿನ ನುಡಿ ಎತ್ತುತ್ತಿದ್ದಳು. ಕೈ ನೆಲದ ಮೇಲೆ ಗೂಟ ಹಿಡಿದಂತೆ ತಿರುಗುತ್ತಿತ್ತು. ಸೊಸೆ ಗೋಡೆಗೆ ಒರಗಿ ನೋಡುತ್ತಿದ್ದಳು. ಮುಖದ ಮೇಲೆ ನಗೆ ಇತ್ತು.

ನಾನು ಆ ಬಾಗಿಲಲ್ಲಿ ಸುಮ್ಮನೆ ನಿಲ್ಲಬಹುದಿತ್ತು. "ನನ್ನ ಕೇಳದ ಯಾರು ಮುಟ್ಟಿದ್ರು?" ಎಂದು ಕೂಗಿದೆ. ರಿಮೋಟು ಕಸಿದುಕೊಂಡು ಚಿತ್ರವನ್ನು ಮತ್ತೆ ಪೂರ್ತಿ ಎಳೆದೆ. ಅಷ್ಟಕ್ಕೇ ಬಿಡದೆ, ಮೆನುವಿಗೆ ಯಾರೂ ಹೋಗಬಾರದೆಂದು ನಾಲ್ಕಂಕಿಯ ಬೀಗ ಹಾಕಿದೆ. ನನ್ನ ಮೆಟ್ರಿಕ್ ಪರೀಕ್ಷೆಯ ನಂಬರಿನ ಕೊನೆಯ ನಾಲ್ಕು ಅಂಕಿ. ಅದು ನನ್ನೊಬ್ಬನ ಹೊರತು ಯಾರಿಗೂ ಗೊತ್ತಿರಲು ಸಾಧ್ಯವಿರಲಿಲ್ಲ. ಅಂದಿನಿಂದ ಹೆಂಡತಿ ಕಣ್ಣು ಮುಚ್ಚಿಕೊಂಡು ಪದ ಕೇಳತೊಡಗಿದಳು. ಯಾಕೆಂದು ನಾನು ಕೇಳಲಿಲ್ಲ. ಗೊತ್ತಿತ್ತು.

ಆ ವರ್ಷವೇ ಗಿರಣಿ ಮಾಲಕರು ಸೇರಿ ಹಳೆಯ ನೌಕರರಿಗೆ ಸನ್ಮಾನ ಇಟ್ಟುಕೊಂಡರು. ನನಗೂ ಶಾಲು, ಹಾರ, ಹಣ್ಣಿನ ಬುಟ್ಟಿ. ಮರುದಿನ ಸಂಜೆ ಐದಕ್ಕೆ ಸಿಂಧನೂರಿನ ಕೇಬಲ್‌ನಲ್ಲಿ ತೋರಿಸುತ್ತೇವೆಂದರು. ಅದನ್ನು ಹಿಡಿದಿಡಬೇಕೆಂಬ ಆಸೆ ನನಗೆ ಹುಚ್ಚಿನಂತೆ ಹತ್ತಿತು. ಹೆಂಡತಿ ಮಠಕ್ಕೆ ಹೋಗಿದ್ದಳು. ಸೊಸೆ ಮಾಳಿಗೆಯ ಮೇಲೆ ಬಟ್ಟೆ ತೆಗೆಯುತ್ತಿದ್ದಳು. ಐದಕ್ಕೆ ಹತ್ತು ನಿಮಿಷವಿತ್ತು. ಬೀಗದ ಅಂಕಿ ಒತ್ತಿ ರೆಕಾರ್ಡಿಂಗಿನ ಜಾಗಕ್ಕೆ ಹೋದೆ. ಈ ಪೆನ್‌ಡ್ರೈವನ್ನು ಮೊದಲು ಸಿದ್ಧಮಾಡಬೇಕು, ಮಾಡಿದರೆ ಅದರಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ಹೌದೋ ಅಲ್ಲವೋ ಎಂದು ಡಬ್ಬಿ ಕೇಳಿತು.

ಬಹಳ ದಿನ ನನಗೆ ನಾನೇ ಹೇಳಿಕೊಂಡೆ, ಅದು ಇಂಗ್ಲಿಷ್, ತಿಳಿಯಲಿಲ್ಲ, ಅವಸರವಿತ್ತು ಎಂದು. ಅದು ಸುಳ್ಳು. ನಾನು ಎರಡು ಸಲ ಓದಿದೆ. ತಿಳಿಯಿತು. ಅಂಗಡಿಗೆ ಹೋಗಿ ಇನ್ನೊಂದು ಪೆನ್‌ಡ್ರೈವ್ ತರಲು ಹೊತ್ತಿಲ್ಲ ಎಂದುಕೊಂಡೆ. ಏನಿದ್ದರೂ ಹೆಂಗಸರ ಬೀಸುವ ಪದ ತಾನೆ ಎಂದುಕೊಂಡೆ. ಹೌದು ಒತ್ತಿದೆ.

ಕಾರ್ಯಕ್ರಮ ಬಂತು. ಒಂದು ತಾಸಿನಲ್ಲಿ ಮುಕ್ಕಾಲು ತಾಸು ದೊಡ್ಡವರ ಭಾಷಣ. ನನಗೆ ಶಾಲು ಹೊದಿಸುವಾಗ ಕ್ಯಾಮೆರಾದ ಮುಂದೆ ಯಾರದೋ ಬೆನ್ನು ಅಡ್ಡ ನಿಂತಿತ್ತು. ನನ್ನ ಮುಖ ಕಂಡದ್ದು ಒಂದು ಕ್ಷಣ. ಕೆಳಗೆ ಬೀಜ ಗೊಬ್ಬರದ ಜಾಹೀರಾತು ಓಡುತ್ತಿತ್ತು. ಅದನ್ನೇ ಹಿಂದೆ ತಿರುಗಿಸಿ ಮೂರು ಸಲ ನೋಡಿದೆ. ಆಮೇಲೆ ಭಯ ಬಂತು. ಹೆಂಡತಿ ಬಂದು ಪೆನ್‌ಡ್ರೈವಿನಲ್ಲಿ ನನ್ನ ಸನ್ಮಾನ ಕಂಡರೆ ಎಲ್ಲ ಗೊತ್ತಾಗುತ್ತದೆ. ಅದನ್ನೂ ಅಳಿಸಿದೆ. ಪೆನ್‌ಡ್ರೈವ್ ಬರಿದಾಯಿತು.

ಎರಡು ದಿನ ಬಿಟ್ಟು ಹೆಂಡತಿ ಪದ ಹಾಕಿ ಎಂದಳು. ಹಾಕಿದಂತೆ ಮಾಡಿದೆ. ಏನೂ ಇಲ್ಲ ಎಂದು ಪರದೆಯೇ ಹೇಳಿತು.

"ಏನಾತ್ರಿ? ಎಲ್ಲಿ ಹೋತು?"

"ನನಗೇನ್ ಗೊತ್ತು? ನಿನ್ ಸೊಸಿನ್ನ ಕೇಳು. ಮೊನ್ನೆ ಮೆನು ತಿರುವಾಕತ್ತಿದ್ಲು."

ಸೊಸೆ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ನಾ ಮುಟ್ಟಿಲ್ರಿ ಅತ್ತಿ. ಬಸವಣ್ಣನಾಣಿ ಮುಟ್ಟಿಲ್ಲ. ಲಾಕ್ ನಂಬರ್ ಮಾವಾರಿಗಷ್ಟ ಗೊತ್ತೈತ್ರಿ."

ಅಲ್ಲಿಗೆ ನಾನು ಸಿಕ್ಕಿಬಿದ್ದಿದ್ದೆ. ಆದರೆ ಬಾಯಿ ನನಗಿಂತ ಮೊದಲು ಓಡಿತು. "ಅದು ನಾ ಹುಟ್ಟಿದ ಇಸವಿ. ಬಿ.ಎ. ಓದಿದಾಕಿಗೆ ಅಷ್ಟ ಗೊತ್ತಾಗಾಂಗಿಲ್ಲೇನು?" ಎಂದು ಇನ್ನೊಂದು ಸುಳ್ಳು ಹೇಳಿದೆ. ಹಿಂದೆ ಒಮ್ಮೆ ನನಗೆ ಹೇಳದೆ ಅವಳು ಚಿತ್ರ ಬದಲಾಯಿಸಿದ್ದು ಎಲ್ಲರಿಗೂ ಗೊತ್ತಿತ್ತಲ್ಲ. ಆ ಒಳ್ಳೆಯ ಕೆಲಸವೇ ಈಗ ಅವಳ ವಿರುದ್ಧ ಸಾಕ್ಷಿಯಾಯಿತು. ಹೆಂಡತಿ ಅವಳನ್ನು ದಿಟ್ಟಿಸಿ ನೋಡಿದಳು. "ನಮ್ಮಕ್ಕನ್ನ ಎರಡನೇ ಸಲ ಮಣ್ಣಿಗೆ ಇಟ್ಟಿಯವ್ವ," ಎಂದಳು. ಅಷ್ಟೇ. ಮುಂದೆ ಅವಳ ಜೊತೆ ಮಾತು ಬಿಟ್ಟಳು.

ಆ ಹುಡುಗಿ ಒಬ್ಬಳೇ ಬಸ್ಸು ಹತ್ತಿ ಮಸ್ಕಿಗೆ ಹೋಗಿ ಕೇಬಲ್‌ನವರನ್ನು ಕೇಳಿ ಬಂದಳು. ಅವರಲ್ಲಿ ಉಳಿದಿರಲಿಲ್ಲ. ಬರಿಗೈಯಲ್ಲಿ ಬಂದವಳನ್ನು ಕಂಡು ಹೆಂಡತಿ ನನಗೆ ಕೇಳುವಂತೆ, "ತಪ್ಪು ಮಾಡಿದಾಕಿಗೇ ಓಡಾಟ ಜಾಸ್ತಿ," ಎಂದಳು. ನಾನು ಹೂಂ ಎಂದೆ. ಮಗ ತನ್ನ ಹೆಂಡತಿಯ ಮಾತು ನಂಬಿದನೋ, ನನ್ನ ಮಾತು ನಂಬಿದನೋ ನನಗೆ ತಿಳಿಯದು. ಅವನು ಮನೆಯಲ್ಲಿ ಊಟ ಮಾಡಿ ಎದ್ದುಹೋಗುವುದನ್ನು ಕಲಿತ. ಆರು ತಿಂಗಳಲ್ಲಿ ನನ್ನ ಹೆಂಡತಿ ಲಿಂಗಸುಗೂರಿಗೆ, ಮಗಳ ಮನೆಗೆ ಹೋಗಿ ಕೂತಳು. "ಆಕಿ ಮಾಡಿದ ಅಡಿಗಿ ಗಂಟಲದಾಗ ಇಳಿಯಂಗಿಲ್ರಿ," ಎಂದು ಹೇಳಿಯೇ ಹೋದಳು. ಸೊಸೆಗೆ ಆಗ ತಿಂಗಳು ತುಂಬುತ್ತಿದ್ದವು.

ತುರ್ವಿಹಾಳದಲ್ಲಿ ಹೆಣ್ಣು ಮಗು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಗಂಡನ ಕಡೆಯ ಅಜ್ಜಿ ಕೂಸಿಗೆ ಕುಂಚಿಗೆ ತಂದು ತಲೆಗೆ ಕಟ್ಟಬೇಕು, ಅವಳೇ ಮೊದಲ ಜೋಗುಳ ಹಾಡಬೇಕು. ಅದು ನಮ್ಮವರಲ್ಲಿ ನಡೆದುಬಂದದ್ದು. ಮಗ ಫೋನು ಮಾಡಿದರೆ ಹೆಂಡತಿ ಬರುವುದಿಲ್ಲ ಎಂದಳು. ಬೀಗರು ಕೇಳಿಕೊಂಡರೂ ಬರುವುದಿಲ್ಲ ಎಂದಳು. ಅಜ್ಜಿ ಇದ್ದೂ ಅಜ್ಜಿ ಬಾರದ ತೊಟ್ಟಿಲು ಎಂದರೆ, ಆ ಊರಿನಲ್ಲಿ ಅಷ್ಟು ಮಂದಿಯ ಮುಂದೆ, ಬಾಣಂತಿಯ ಹಣೆಯ ಮೇಲೆ ಕಳ್ಳಿ ಎಂದು ಬರೆದಂತೆಯೇ.

ತೊಟ್ಟಿಲಿನ ಹಿಂದಿನ ದಿನ ಬೆಳಿಗ್ಗೆ ನಾನು ಲಿಂಗಸುಗೂರಿನ ಬಸ್ಸು ಹತ್ತಿದೆ. ಮಸ್ಕಿ ದಾಟುವಾಗ ಕಿಟಕಿಯ ಹೊರಗೆ ನೋಡಲಾಗಲಿಲ್ಲ. ಮಗಳ ಮನೆಯ ಕಟ್ಟೆಯ ಮೇಲೆ ಹೆಂಡತಿ ಸೊಪ್ಪು ಬಿಡಿಸುತ್ತಿದ್ದಳು. ಕೂತು ಹೇಳಿದೆ. ಬೀಗದ ಅಂಕಿಯನ್ನೂ ಹೇಳಿದೆ, ಎರಡು ಸಲ ಓದಿದ್ದನ್ನೂ ಹೇಳಿದೆ.

ಅವಳು ಅಳಲಿಲ್ಲ. ಬಿಡಿಸಿದ ಸೊಪ್ಪನ್ನು ಬದಿಗೆ ಸರಿಸಿದಳು.

"ನಿಮ್ಮ ಹಾರ ತುರಾಯಿ ಸಲುವಾಗಿ ನಮ್ಮಕ್ಕನ್ನ ಅಳಿಸಿದ್ರಿ. ಆತು. ನಿಮಗ ಆಕಿ ದನಿ ಎಂದೂ ಕೇಳಿಸೇ ಇಲ್ಲ, ಅದು ನನಗ ಗೊತ್ತಿದ್ದದ್ದ," ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ಬಸುರಿ ಹುಡುಗಿ. ಮುಂಜಾನೆ ಚಾ ತಂದು ಇಟ್ರ ನಾ ಮುಖ ತಿರುವಿ ಕುಂಡ್ರತಿದ್ದೆ. ಆ ಪಾಪಾನ ನನ್ನ ಕೈಲೆ ಮಾಡಿಸಿದ್ರಲ್ರಿ. ನಾನೂ ಒಂದ್ ಮಾತು ಆಕಿನ್ನ ಕೇಳಲಿಲ್ಲ."

"ಏನ್ ಮಾಡ್ಲಿ ಈಗ?"

"ನನ್ನ ಕೇಳ್ತೀರೇನು? ಯಾರ ಮುಂದ ಸುಳ್ಳು ಹೇಳೀರಿ, ಅವ್ರ ಮುಂದ ಖರೇ ಹೇಳ್ರಿ. ಮಂದಿ ಕುಂತಾಗ."

ಮರುದಿನ ಇಬ್ಬರೂ ತುರ್ವಿಹಾಳಕ್ಕೆ ಹೋದೆವು. ಅಲ್ಲಿ ತೊಟ್ಟಿಲ ಸುತ್ತ ಹೆಂಗಸರು ತುಂಬಿದ್ದಾಗ, ನಾನು ಬಾಗಿಲಲ್ಲಿ ನಿಂತು ಹೇಳಿದೆ. ಸಿಂಧನೂರಿನಿಂದ ಬಂದಿದ್ದ ಪಕ್ಕದ ಮನೆಯವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬೀಗರು ನೆಲ ನೋಡಿದರು. ಮಗ ಹೊರಗೆ ಹೋದ. ಸೊಸೆ ಕೂಸಿನ ಕಾಲಿಗೆ ಬಟ್ಟೆ ಸುತ್ತುತ್ತಿದ್ದವಳು ಸುತ್ತುವುದನ್ನು ನಿಲ್ಲಿಸಲಿಲ್ಲ.

"ಆತ್ರಿ ಮಾವಾರ. ಎಲ್ಲಾರೂ ಕೇಳಿಸಿಕೊಂಡ್ರಲ್ಲ," ಎಂದಳು. "ಕೈಕಾಲು ತೊಳಕೊಂಡು ಊಟಕ್ಕ ಕುಂಡ್ರಿ."

ಹೆಂಡತಿ ಕುಂಚಿಗೆ ಕಟ್ಟಿ, ಸೊಸೆಯ ಎರಡೂ ಕೈ ಹಿಡಿದು ಏನೋ ಹೇಳಿದಳು. ನನಗೆ ಕೇಳಿಸಲಿಲ್ಲ. ಹೆಂಗಸರು ಹಾಡು ಹಾಡು ಎಂದರು. ಅವಳು ಜೋಗುಳದ ಒಂದು ನುಡಿ ಹೇಳಿ ನಿಲ್ಲಿಸಿದಳು. ಉಳಿದದ್ದನ್ನು ಬೇರೆಯವರು ಹಾಡಿ ಮುಗಿಸಿದರು.

ಈಗ ಎಲ್ಲರೂ ಸಿಂಧನೂರಿನಲ್ಲಿ ಒಂದೇ ಮನೆಯಲ್ಲಿದ್ದೇವೆ. ಅತ್ತೆ ಸೊಸೆ ಮಾತಾಡುತ್ತಾರೆ. ಮೊದಲಿನಂತೆ ಅಲ್ಲ, ಇಬ್ಬರೂ ಒಬ್ಬರಿಗೊಬ್ಬರು ನೋವಾಗದಂತೆ ಎಚ್ಚರದಿಂದ. ನನಗೆ ಸೊಸೆ ಹೊತ್ತಿಗೆ ಸರಿಯಾಗಿ ಬಡಿಸುತ್ತಾಳೆ, ಗುಳಿಗೆ ತೆಗೆದುಕೊಂಡಿರೇನು ಎಂದು ಕೇಳುತ್ತಾಳೆ. ಒಂದು ಗಡಸು ಮಾತು ಆಡಿಲ್ಲ. ಕೂಸನ್ನು ಮಾತ್ರ ನನ್ನ ತೊಡೆಯ ಮೇಲೆ ಹಾಕುವುದಿಲ್ಲ. ನಾನು ಕೈ ಚಾಚಿದರೆ, "ಈಗ ಮಲಗ್ಯಾಳ್ರಿ ಮಾವಾರ," ಎನ್ನುತ್ತಾಳೆ. ಕೂಸು ಅವಳ ಹೆಗಲ ಮೇಲಿನಿಂದ ಕಣ್ಣು ತೆರೆದು ನನ್ನನ್ನೇ ನೋಡುತ್ತಿರುತ್ತದೆ. ಹೌದವ್ವ, ಮಲಗಲಿ ಎಂದು ನಾನು ಕೈ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.